ಅಜ್ಜನ ಹಳೆಯ ಕೆಮ್ಮು

ಸುರತ್ಕಲ್ ಎಂದೊಡನೆ ಕಣ್ಣ ಮುಂದೆ ಬರುವುದು ಕಡಲ ಕಿನಾರೆ, ದೀಪಸ್ತಂಭ ಮತ್ತು ಎಂಜಿನಿಯರಿಂಗ್ ಕಾಲೇಜು. 1960ರಲ್ಲಿ ಕೆ.ಆರ್.ಇ.ಸಿ. ಎಂಬ ಹೆಸರಿನಿಂದ ಆರಂಭವಾಗಿ 2002ರಲ್ಲಿ ಎನ್.ಐ.ಟಿ.ಕೆ. ಆದ ಈ ವಿದ್ಯಾಸಂಸ್ಥೆಗೆ ದೇಶದ ಮೂಲೆಮೂಲೆಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ದಕ್ಷಿಣಕ್ಕೆ ಸ್ವಲ್ಪ ಸರಿದರೆ ಬೈಕಂಪಾಡಿಯ ಕೈಗಾರಿಕಾ ಪ್ರದೇಶ, ಪಣಂಬೂರಿನ ಬಂದರು. ಹೆದ್ದಾರಿಯಲ್ಲಿ ಹಗಲಿರುಳೂ ಟ್ಯಾಂಕರುಗಳ, ಲಾರಿಗಳ ಸಾಲು. ಇದು ಹೊರಗಿನವರ ಕಣ್ಣಿಗೆ ಬೀಳುವ ಸುರತ್ಕಲ್.

ಒಳಗಿನ ಓಣಿಗಳಲ್ಲಿ ಇನ್ನೊಂದು ಸುರತ್ಕಲ್ ಉಂಟು. ದಕ್ಷಿಣ ಕನ್ನಡದ ಉಳಿದ ಊರುಗಳಂತೆ ಇಲ್ಲಿಯೂ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿದ ತಾಯಂದಿರ ಒಂದು ತಲೆಮಾರೇ ಇದೆ. ಬೀಡಿ ಬ್ರಾಂಚಿನಲ್ಲಿ ಸಿಕ್ಕಿದ ಮಜೂರಿಯಿಂದ ಮಕ್ಕಳ ಶಾಲೆಯ ಫೀಸು ಕಟ್ಟಿದವರು, ಮಗಳ ಮದುವೆಗೆ ಚಿನ್ನ ಕೂಡಿಟ್ಟವರು ಅವರು. ಅದೇ ಬೀಡಿಯನ್ನು ಜಗಲಿಯಲ್ಲಿ ಕೂತು ಸೇದಿದ ಅಜ್ಜಂದಿರೂ ಇದ್ದಾರೆ. ಬೆಳಗ್ಗೆ ಎದ್ದ ಕೂಡಲೇ ಅವರ ಕೆಮ್ಮು ಅಂಗಳದ ತುದಿಯವರೆಗೆ ಕೇಳಿಸುತ್ತದೆ. ಮನೆಗೆ ಬಂದ ನೆಂಟರು ವಿಚಾರಿಸಿದರೆ ಉತ್ತರ ಸಿದ್ಧವಾಗಿರುತ್ತದೆ: 'ಅದು ಬೀಡಿ ಕೆಮ್ಮು, ಮಾರಾಯ್ರೇ. ಹಳೆಯದು. ಹೇಳುವಂಥದ್ದು ಏನೂ ಇಲ್ಲ.'

ಶ್ವಾಸಕೋಶದ ಕ್ಯಾನ್ಸರಿನ ಮಟ್ಟಿಗೆ ಈ ಮಾತಿನಷ್ಟು ಅಪಾಯದ ಮಾತು ಬೇರೊಂದಿಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುವ ಕ್ಯಾನ್ಸರ್ ಇದೇ. 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಸುಮಾರು 25 ಲಕ್ಷ ಜನರಲ್ಲಿ ಇದು ಹೊಸದಾಗಿ ಪತ್ತೆಯಾಯಿತು, ಸುಮಾರು 18 ಲಕ್ಷ ಜನ ಇದರಿಂದ ತೀರಿಕೊಂಡರು. ಭಾರತದಲ್ಲಿ ಪತ್ತೆಯಾದ ಹೊಸ ರೋಗಿಗಳು 80 ಸಾವಿರದಷ್ಟು. ಈ ಅಂಕಿಗಳನ್ನು ನೋಡಿದವರು 'ಶ್ವಾಸಕೋಶಕ್ಕೆ ಬಂತೆಂದರೆ ಮುಗಿಯಿತು' ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಇದೇ ರೋಗ ಚಿಕ್ಕದಿರುವಾಗ ಕಣ್ಣಿಗೆ ಬಿದ್ದರೆ ಗುಣವಾಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಇದಕ್ಕೂ ಸಲ್ಲುತ್ತದೆ. ಕಷ್ಟವೆಂದರೆ, ಉಗುರಿನಲ್ಲಿ ಹೋಗುವ ಕಾಲದಲ್ಲಿ ಅದು ಇದೆಯೆಂದು ಯಾರಿಗೂ ತಿಳಿದಿರುವುದಿಲ್ಲ.

ಗಂಟು ಬೆಳೆಯುವ ಲೆಕ್ಕ

ಹೈಸ್ಕೂಲಿನ ಗಣಿತ ಬಲ್ಲ ವಿದ್ಯಾರ್ಥಿಗೆ ಇದರ ಕಾರಣ ಸುಲಭವಾಗಿ ಅರ್ಥವಾಗುತ್ತದೆ. ದಾರಿ ತಪ್ಪಿದ ಒಂದು ಜೀವಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಹೀಗೆ 30 ಸಲ ಇಮ್ಮಡಿಯಾದರೆ ಜೀವಕೋಶಗಳ ಸಂಖ್ಯೆ 107 ಕೋಟಿ ದಾಟುತ್ತದೆ. ಅಷ್ಟು ಜೀವಕೋಶಗಳು ಸೇರಿದರೂ ಗಂಟಿನ ಅಡ್ಡಳತೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ, ಒಂದು ಕಡಲೆ ಕಾಳಿನಷ್ಟು. ಮಾಮೂಲಿ ಎಕ್ಸ್‌ರೇಯಲ್ಲಿ ಅದು ಪಕ್ಕೆಲುಬಿನ ಅಥವಾ ಹೃದಯದ ನೆರಳಿನಲ್ಲಿ ಅಡಗಿ ಕಾಣಿಸದೆ ಹೋಗಬಹುದು.

ಮುಂದಿನ ಲೆಕ್ಕ ಗಾಬರಿ ಹುಟ್ಟಿಸುತ್ತದೆ. ಗೋಳದ ಅಡ್ಡಳತೆ ಎರಡರಷ್ಟಾದರೆ ಘನಫಲ ಎಂಟು ಪಟ್ಟಾಗುತ್ತದೆ, ಮೂರರಷ್ಟಾದರೆ 27 ಪಟ್ಟು. ಎಂದರೆ, ಒಂದು ಸೆಂಟಿಮೀಟರ್ ಆಗಲು 30 ಸಲ ಇಮ್ಮಡಿಯಾಗಬೇಕಾದ ಗಂಟು ಅಲ್ಲಿಂದ ಎರಡು ಸೆಂಟಿಮೀಟರ್ ಆಗಲು ಇನ್ನು ಮೂರೇ ಸಲ ಸಾಕು, ಮೂರು ಸೆಂಟಿಮೀಟರ್ ಆಗಲು ಐದು ಸಲವೂ ಬೇಡ. ಇಮ್ಮಡಿಯಾಗಲು ಕೆಲವು ಗಂಟುಗಳಿಗೆ ಒಂದೆರಡು ತಿಂಗಳು ಸಾಕು, ಇನ್ನು ಕೆಲವಕ್ಕೆ ವರ್ಷಕ್ಕೂ ಮಿಕ್ಕಿ ಬೇಕು. ಹೇಗೇ ಇರಲಿ, ಕಣ್ಣಿಗೆ ಕಾಣುವ ಹೊತ್ತಿಗೆ ಗಂಟು ತನ್ನ ಆಯುಸ್ಸಿನ ಬಹುಪಾಲನ್ನು ಗುಟ್ಟಾಗಿ ಕಳೆದಿರುತ್ತದೆ.

ಗುಟ್ಟು ಬಯಲಾಗದಿರಲು ಇನ್ನೊಂದು ಕಾರಣವೂ ಇದೆ. ಶ್ವಾಸಕೋಶದ ಒಳಭಾಗಕ್ಕೆ ನೋವು ತಿಳಿಯುವ ನರಗಳಿಲ್ಲ. ನೋವು ತಿಳಿಯುವುದು ಎದೆಗೂಡಿನ ಒಳಮೈಗೆ ಹಾಸಿದ ಪೊರೆಗೆ. ಗಂಟು ಆ ಪೊರೆಯನ್ನು ಮುಟ್ಟುವ ತನಕ, ಇಲ್ಲವೆ ದೊಡ್ಡ ಶ್ವಾಸನಾಳವನ್ನು ಒತ್ತುವ ತನಕ, ಮನುಷ್ಯ ಎಂದಿನಂತೆ ಉಂಡು ತಿಂದು ಕೆಲಸಕ್ಕೆ ಹೋಗುತ್ತಿರುತ್ತಾನೆ. ಎಷ್ಟೋ ಸಲ ಆರಂಭದ ಹಂತದ ಗಂಟು ಸಿಕ್ಕುವುದೇ ಬೇರೆ ಕಾರಣಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ. ಹರ್ನಿಯಾ ಶಸ್ತ್ರಕ್ರಿಯೆಗೆ ಮುನ್ನ, ವಿದೇಶದ ನೌಕರಿಯ ವೈದ್ಯಕೀಯ ತಪಾಸಣೆಯಲ್ಲಿ, ಬೈಕಿನಿಂದ ಬಿದ್ದು ಪಕ್ಕೆಲುಬು ನೋಡಿಸುವಾಗ.

ಬೀಡಿ, ಸಿಗರೇಟು ಮತ್ತು ಗಾಳಿ

ಶ್ವಾಸಕೋಶದ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ತಂಬಾಕಿನ ಹೊಗೆ. ಬೀಡಿ ಸಿಗರೇಟಿನಷ್ಟು ಕೆಟ್ಟದ್ದಲ್ಲ, ಅದು ಎಲೆಯದ್ದು, ನಾಡಿನದ್ದು ಎಂಬ ಭಾವನೆ ಕರಾವಳಿಯಲ್ಲಿ ಇಂದಿಗೂ ಇದೆ. ಬೀಡಿಯಲ್ಲಿ ತಂಬಾಕು ಕಡಿಮೆ ಇರುವುದು ನಿಜ. ಆದರೆ ಬೀಡಿ ಎಲೆಯಲ್ಲಿ ಸಿಗರೇಟಿನ ಕಾಗದದಂತೆ ಗಾಳಿಯಾಡುವುದಿಲ್ಲ. ಎಳೆಯುತ್ತಲೇ ಇರದಿದ್ದರೆ ಆರಿಹೋಗುತ್ತದೆ. ಆದುದರಿಂದ ಸೇದುವವನು ಮೇಲಿಂದ ಮೇಲೆ, ಜೋರಾಗಿ ಎಳೆಯುತ್ತಾನೆ. ತಂಬಾಕು ಕಡಿಮೆಯಾದರೂ ಎದೆಗೆ ಇಳಿಯುವ ಟಾರು, ನಿಕೋಟಿನ್, ಕಾರ್ಬನ್ ಮಾನಾಕ್ಸೈಡು ಸಿಗರೇಟಿಗಿಂತ ಕಡಿಮೆಯೇನೂ ಆಗುವುದಿಲ್ಲ.

2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇ. 7.7 ಮಂದಿ ಬೀಡಿ ಸೇದುತ್ತಿದ್ದರು, ಸಿಗರೇಟು ಸೇದುತ್ತಿದ್ದವರು ಶೇ. 4. ಭಾರತದಲ್ಲಿ ಧೂಮಪಾನದಿಂದ ಆಗುವ ಸಾವುಗಳ ಬಗ್ಗೆ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಬೀಡಿ ಸೇದುವ ಗಂಡಸರ ಆಯುಸ್ಸಿನಲ್ಲಿ ಸುಮಾರು ಆರು ವರ್ಷ, ಹೆಂಗಸರ ಆಯುಸ್ಸಿನಲ್ಲಿ ಸುಮಾರು ಎಂಟು ವರ್ಷ ಕಡಿತವಾಗುತ್ತದೆ. ಸಿಗರೇಟು ಸೇದುವ ಗಂಡಸರು ಕಳೆದುಕೊಳ್ಳುವುದು ಸುಮಾರು ಹತ್ತು ವರ್ಷ.

ಕಾರ್ಖಾನೆಗಳ ನಡುವೆ ಬದುಕುವ ಊರಿನಲ್ಲಿ ಗಾಳಿಯ ಪ್ರಶ್ನೆಯೂ ಬರುತ್ತದೆ. ಅದು ಸಹಜವಾದ ಪ್ರಶ್ನೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಎಂಜಿನ್ನಿನ ಹೊಗೆಯನ್ನು, 2013ರಲ್ಲಿ ಹೊರಾಂಗಣದ ವಾಯುಮಾಲಿನ್ಯವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಕಲ್ನಾರು, ರೇಡಾನ್ ಎಂಬ ವಿಕಿರಣಶೀಲ ಅನಿಲ, ಮನೆಯೊಳಗೆ ಇನ್ನೊಬ್ಬರು ಬಿಟ್ಟ ಹೊಗೆ ಇವೂ ಪಟ್ಟಿಯಲ್ಲಿವೆ. ಎಂದೂ ಬೀಡಿ ಮುಟ್ಟದವರಿಗೂ ಈ ರೋಗ ಬರುತ್ತದೆ. ಭಾರತದ ಆಸ್ಪತ್ರೆಗಳಲ್ಲಿ ಕಾಣಿಸಿಕೊಳ್ಳುವ ಮಹಿಳಾ ರೋಗಿಗಳಲ್ಲಿ ಹೆಚ್ಚಿನವರು ಸೇದದವರೇ. ಹಾಗಾಗಿ 'ನಮ್ಮ ಅಮ್ಮ ಸೇದುವವರಲ್ಲ, ಅವರಿಗೆ ಅದು ಬರಲಿಕ್ಕಿಲ್ಲ' ಎಂದು ನೆಮ್ಮದಿಯಿಂದ ಇರುವುದೂ ತಪ್ಪು. ಹಾಗೆಂದು ಚಿಮಣಿಯ ಕಡೆಗೆ ಬೆರಳು ತೋರಿಸುತ್ತ ಅಂಗಿಯ ಕಿಸೆಯಲ್ಲಿರುವ ಬೀಡಿ ಕಟ್ಟನ್ನು ಮರೆಯುವುದು ಅದಕ್ಕಿಂತ ದೊಡ್ಡ ತಪ್ಪು. ಸೇದುವವನ ಪಾಲಿಗೆ ಆ ಕಟ್ಟಿನ ಅಪಾಯ ಊರ ಗಾಳಿಯ ಅಪಾಯಕ್ಕಿಂತ ಎಷ್ಟೋ ಪಾಲು ಹೆಚ್ಚು.

ಕ್ಷಯವೋ, ಕ್ಯಾನ್ಸರೋ?

ನಮ್ಮ ದೇಶದಲ್ಲಿ ಈ ರೋಗ ತಡವಾಗಿ ಪತ್ತೆಯಾಗಲು ವಿಶೇಷ ಕಾರಣವೊಂದಿದೆ. ಕೆಮ್ಮು, ಕಫದಲ್ಲಿ ರಕ್ತ, ಸಣ್ಣ ಜ್ವರ, ತೂಕ ಇಳಿಯುವುದು, ಎಕ್ಸ್‌ರೇಯಲ್ಲೊಂದು ಬಿಳಿ ಕಲೆ. ಇವಿಷ್ಟೂ ಕ್ಷಯರೋಗದ ಲಕ್ಷಣಗಳು. ಕ್ಷಯ ನಮ್ಮಲ್ಲಿ ಸಾಮಾನ್ಯವಾದುದರಿಂದ ವೈದ್ಯರು ಮೊದಲು ಅದನ್ನೇ ಸಂಶಯಿಸುವುದು ಸರಿಯೇ. ಆದರೆ ಶ್ವಾಸಕೋಶದ ಕ್ಯಾನ್ಸರಿಗೂ ಇವೇ ಲಕ್ಷಣಗಳು. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಅಂದಾಜಿನ ಮೇಲೆ ಕ್ಷಯದ ಗುಳಿಗೆ ಆರಂಭಿಸಿ, ತಿಂಗಳುಗಟ್ಟಲೆ ಕಾದು, ಕೊನೆಗೆ ಕ್ಯಾನ್ಸರ್ ಎಂದು ತಿಳಿದ ರೋಗಿಗಳ ಬಗ್ಗೆ ಭಾರತದ ವೈದ್ಯರು ಮತ್ತೆ ಮತ್ತೆ ಬರೆದಿದ್ದಾರೆ. ಆ ತಿಂಗಳುಗಳಲ್ಲಿ ಗಂಟು ಸುಮ್ಮನೆ ಕೂತಿರುವುದಿಲ್ಲ.

ಮನೆಯವರು ನೆನಪಿಡಬೇಕಾದ ನಿಯಮ ಸರಳವಾಗಿದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮತ್ತು ಎಕ್ಸ್‌ರೇ ಆಗಲೇಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯದ ಪರೀಕ್ಷೆ ಉಚಿತ. ರೋಗಾಣು ಸಿಕ್ಕಿದರೆ ಕ್ಷಯದ ಚಿಕಿತ್ಸೆಯನ್ನು ಒಂದು ದಿನವೂ ತಪ್ಪಿಸದೆ ಮುಗಿಸಬೇಕು. ರೋಗಾಣು ಸಿಗದೆ ಹೋದರೆ, ಅಥವಾ ಔಷಧಿ ತೆಗೆದುಕೊಂಡರೂ ಎಕ್ಸ್‌ರೇಯ ಕಲೆ ಕರಗದಿದ್ದರೆ, 'ಡಾಕ್ಟ್ರೇ, ಇದು ಬೇರೇನಾದರೂ ಇರಬಹುದೇ? ಸಿ.ಟಿ. ಸ್ಕ್ಯಾನ್ ಬೇಕೇ?' ಎಂದು ಕೇಳಲು ಸಂಕೋಚಪಡಬಾರದು. ಇಂಥ ಪ್ರಶ್ನೆಗೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ಹಳೆಯ ಕೆಮ್ಮಿನ ರೀತಿ ಬದಲಾಗುವುದೂ ಒಂದು ಸೂಚನೆ. ಒಣ ಕೆಮ್ಮು ಕಫದ ಕೆಮ್ಮಾಗುವುದು, ಬೆಳಗಿನ ಕೆಮ್ಮು ಇಡೀ ದಿನಕ್ಕೆ ಹಬ್ಬುವುದು, ಸ್ವರ ಒಡೆದು ವಾರಗಟ್ಟಲೆ ಸರಿಯಾಗದಿರುವುದು, ನ್ಯುಮೋನಿಯಾ ಶ್ವಾಸಕೋಶದ ಅದೇ ಭಾಗಕ್ಕೆ ಮತ್ತೆ ಮತ್ತೆ ಬರುವುದು, ಬೆರಳ ತುದಿಗಳು ಊದಿ ಉಗುರು ಗುಂಡಗಾಗುವುದು. ಕಫದಲ್ಲಿ ರಕ್ತದ ಒಂದು ಗೆರೆ ಕಂಡರೂ ಅದೇ ವಾರ ವೈದ್ಯರನ್ನು ಕಾಣಬೇಕು. ಇವುಗಳಿಗೆ ಬೇರೆ ಕಾರಣಗಳೂ ಇರಬಹುದು, ಹೆಚ್ಚಿನ ವೇಳೆ ಇರುತ್ತವೆ. ಅದನ್ನು ಪರೀಕ್ಷೆ ಹೇಳಬೇಕೇ ಹೊರತು ಮನೆಯವರ ಊಹೆಯಲ್ಲ.

ಪರೀಕ್ಷೆಯ ಮೆಟ್ಟಿಲುಗಳು

ಎಕ್ಸ್‌ರೇಯಲ್ಲಿ ಸಂಶಯ ಬಂದರೆ ಮುಂದಿನ ಮೆಟ್ಟಿಲು ಸಿ.ಟಿ. ಸ್ಕ್ಯಾನ್. ಬ್ರೆಡ್ಡನ್ನು ಹೋಳು ಮಾಡಿ ನೋಡಿದಂತೆ ಅದು ಎದೆಯನ್ನು ತೆಳು ಪದರಗಳಾಗಿ ತೋರಿಸುತ್ತದೆ. ಕೆಲವೇ ಮಿಲಿಮೀಟರ್ ಗಾತ್ರದ ಗಂಟೂ ಅದರಲ್ಲಿ ಕಾಣುತ್ತದೆ. ಆದರೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಹಿಂದೆ ಬಂದು ಹೋದ ಕ್ಷಯದ ಗಾಯವೂ ಹಾಗೆಯೇ ಕಾಣಬಹುದು. ತೀರ ಚಿಕ್ಕ ಗಂಟಾದರೆ ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ, ಬೆಳೆದಿದೆಯೇ ಎಂದು ನೋಡುತ್ತಾರೆ.

ಸಂಶಯ ಬಲವಾದರೆ ಬಯಾಪ್ಸಿ, ಅಂದರೆ ಗಂಟಿನ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. ಗಂಟು ಶ್ವಾಸನಾಳದ ಹತ್ತಿರವಿದ್ದರೆ ಬಾಯಿ ಅಥವಾ ಮೂಗಿನ ಮೂಲಕ ತೆಳುವಾದ ಕೊಳವೆ ಇಳಿಸುತ್ತಾರೆ. ಅದಕ್ಕೆ ಬ್ರಾಂಕೋಸ್ಕೋಪಿ ಎನ್ನುತ್ತಾರೆ. ಗಂಟು ಅಂಚಿನಲ್ಲಿದ್ದರೆ ಸ್ಕ್ಯಾನ್ ನೋಡಿಕೊಂಡು ಹೊರಗಿನಿಂದ ಸೂಜಿ ಹಾಕುತ್ತಾರೆ. 'ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಂತೆ' ಎಂಬ ಹೆದರಿಕೆಯಿಂದ ಎಷ್ಟೋ ಕುಟುಂಬಗಳು ಇಲ್ಲಿಂದಲೇ ಹಿಂದಿರುಗುತ್ತವೆ. ಹಾಗೆ ಆಗುವುದು ಅತಿ ಅಪರೂಪ. ಪರೀಕ್ಷೆ ಮಾಡಿಸದೆ ಮನೆಗೆ ಹೋಗುವುದರ ಅಪಾಯ ಅದಕ್ಕಿಂತ ಬಹಳ ದೊಡ್ಡದು.

ಬಯಾಪ್ಸಿ ಎರಡು ಮುಖ್ಯ ಜಾತಿಗಳಲ್ಲಿ ಯಾವುದೆಂದು ಹೇಳುತ್ತದೆ. ನೂರಕ್ಕೆ ಸುಮಾರು 15 ರೋಗಿಗಳಲ್ಲಿ ಇರುವುದು 'ಸ್ಮಾಲ್ ಸೆಲ್' ಎಂಬ ವೇಗವಾಗಿ ಹಬ್ಬುವ ಜಾತಿ. ಉಳಿದ ಸುಮಾರು 85 ಮಂದಿಯದು 'ನಾನ್ ಸ್ಮಾಲ್ ಸೆಲ್'. ಇಲ್ಲಿ ಹೇಳುವ ಆರಂಭ ಹಂತದ ಚಿಕಿತ್ಸೆ ಮುಖ್ಯವಾಗಿ ಈ ಎರಡನೆಯ ಜಾತಿಗೆ ಸಂಬಂಧಿಸಿದ್ದು.

ಹಂತ ಎಂದರೇನು?

ರೋಗದ ಹಂತವನ್ನು ವೈದ್ಯರು ಮೂರು ಪ್ರಶ್ನೆಗಳಿಂದ ನಿರ್ಧರಿಸುತ್ತಾರೆ. ಗಂಟು ಎಷ್ಟು ದೊಡ್ಡದು? ಹತ್ತಿರದ ಹಾಲ್ರಸ ಗ್ರಂಥಿಗಳಿಗೆ ತಲುಪಿದೆಯೇ? ಮಿದುಳು, ಮೂಳೆ, ಯಕೃತ್ತಿನಂಥ ದೂರದ ಅಂಗಗಳಿಗೆ ಹೋಗಿದೆಯೇ? ಇದಕ್ಕಾಗಿ ಪೆಟ್ ಸ್ಕ್ಯಾನ್, ಅಗತ್ಯಬಿದ್ದರೆ ಮಿದುಳಿನ ಎಂ.ಆರ್.ಐ. ಮಾಡಿಸುತ್ತಾರೆ. ಗಂಟು ನಾಲ್ಕು ಸೆಂಟಿಮೀಟರಿನ ಒಳಗಿದ್ದು ಗ್ರಂಥಿಗಳಿಗೆ ಹರಡದೆ ಇದ್ದರೆ ಸಾಮಾನ್ಯವಾಗಿ ಅದು ಒಂದನೆಯ ಹಂತ. ಗಂಟು ಇನ್ನೂ ಸ್ವಲ್ಪ ದೊಡ್ಡದಾಗಿದ್ದರೆ, ಅಥವಾ ಅದೇ ಶ್ವಾಸಕೋಶದ ಬುಡದ ಗ್ರಂಥಿಗಳನ್ನು ಮಾತ್ರ ಮುಟ್ಟಿದ್ದರೆ, ಎರಡನೆಯ ಹಂತ. ಮೂರು ಮತ್ತು ನಾಲ್ಕನೆಯ ಹಂತಗಳಲ್ಲಿ ರೋಗ ಮುಂದಕ್ಕೆ ಹೋಗಿರುತ್ತದೆ.

ಹಂತದ ವ್ಯತ್ಯಾಸ ಬದುಕಿನ ವ್ಯತ್ಯಾಸವೇ ಆಗಿದೆ. 2017ರಲ್ಲಿ ಜಾರಿಗೆ ಬಂದ ಹಂತ ವಿಂಗಡಣೆಗಾಗಿ ಹಲವು ದೇಶಗಳ ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಲಾಗಿತ್ತು. ಗಂಟು ಒಂದು ಸೆಂಟಿಮೀಟರ್ ಮೀರದೆ ಇದ್ದವರಲ್ಲಿ ಐದು ವರ್ಷದ ಬಳಿಕವೂ ಬದುಕಿದ್ದವರು ನೂರಕ್ಕೆ 92 ಮಂದಿ. ಒಂದರಿಂದ ಎರಡು ಸೆಂಟಿಮೀಟರ್ ಇದ್ದವರಲ್ಲಿ 83, ಎರಡರಿಂದ ಮೂರು ಇದ್ದವರಲ್ಲಿ 77. ದೂರದ ಅಂಗಗಳಿಗೆ ಹರಡಿದ ನಾಲ್ಕನೆಯ ಹಂತದಲ್ಲಿ ಆ ಸಂಖ್ಯೆ ಹತ್ತಕ್ಕೂ, ಅದಕ್ಕಿಂತ ಕೆಳಕ್ಕೂ ಇಳಿಯುತ್ತದೆ. ಹೊಸ ಔಷಧಿಗಳು ಬಂದ ಮೇಲೆ ಕೊನೆಯ ಹಂತದವರ ಆಯುಸ್ಸೂ ಹೆಚ್ಚಿದೆ. ಆದರೂ ಒಂದು ಸೆಂಟಿಮೀಟರಿನಲ್ಲಿ ಸಿಕ್ಕುವುದಕ್ಕೂ ಹರಡಿದ ಮೇಲೆ ಸಿಕ್ಕುವುದಕ್ಕೂ ಇರುವ ಅಂತರ ತುಂಬಿಲ್ಲ.

ಇಡೀ ಶ್ವಾಸಕೋಶದಿಂದ ಒಂದು ತುಂಡಿನವರೆಗೆ

ಈ ರೋಗಕ್ಕೆ ಶಸ್ತ್ರಕ್ರಿಯೆಯಿಂದ ಪರಿಹಾರ ಉಂಟೆಂದು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ಸೇಂಟ್ ಲೂಯಿಸ್ ನಗರದ ಡಾ. ಎವಾರ್ಟ್ಸ್ ಗ್ರಹಾಂ. 1933ರ ಏಪ್ರಿಲ್‌ನಲ್ಲಿ ಅವರು ಕ್ಯಾನ್ಸರ್ ತಗುಲಿದ್ದ ರೋಗಿಯೊಬ್ಬರ ಇಡೀ ಎಡ ಶ್ವಾಸಕೋಶವನ್ನು ತೆಗೆದರು. ರೋಗಿಯೂ ವೃತ್ತಿಯಲ್ಲಿ ವೈದ್ಯರೇ. ಒಂದೇ ಶ್ವಾಸಕೋಶದಲ್ಲಿ ಅವರು ಮತ್ತೆ ಮೂವತ್ತು ವರ್ಷ ಬಾಳಿದರು.

ಗ್ರಹಾಂ ಅವರ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಸ್ವತಃ ವಿಪರೀತ ಸಿಗರೇಟು ಸೇದುತ್ತಿದ್ದ ಅವರು, ಸಿಗರೇಟಿಗೂ ಈ ಕ್ಯಾನ್ಸರಿಗೂ ಸಂಬಂಧವಿದೆ ಎಂಬುದನ್ನು ಮೊದಲು ನಂಬಿರಲಿಲ್ಲ. ಅವರ ಕಾಲೇಜಿನ ಅರ್ನ್‌ಸ್ಟ್ ವೈಂಡರ್ ಎಂಬ ವಿದ್ಯಾರ್ಥಿ ಆ ಸಂಬಂಧವನ್ನು ಪರೀಕ್ಷಿಸಬೇಕೆಂದು ಹಟ ಹಿಡಿದ. 684 ರೋಗಿಗಳ ಅಧ್ಯಯನ ಗುರು ಶಿಷ್ಯರಿಬ್ಬರ ಹೆಸರಿನಲ್ಲಿ 1950ರಲ್ಲಿ ಪ್ರಕಟವಾಯಿತು. ಅದೇ ವರ್ಷ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಕೂಡ ಅದೇ ತೀರ್ಮಾನಕ್ಕೆ ಬಂದರು. ಗ್ರಹಾಂ ಸಿಗರೇಟು ಬಿಟ್ಟರು. ಆದರೆ ತಡವಾಗಿತ್ತು. 1957ರಲ್ಲಿ ಅವರು ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅವರು ಬದುಕಿಸಿದ ರೋಗಿ ಆಗಿನ್ನೂ ಜೀವಂತವಾಗಿದ್ದರು.

ಅಂದಿನಿಂದ ಇಂದಿನವರೆಗೆ ಶಸ್ತ್ರಕ್ರಿಯೆ ಕಿರಿದಾಗುತ್ತ ಬಂದಿದೆ. ಬಲ ಶ್ವಾಸಕೋಶದಲ್ಲಿ ಮೂರು ಹಾಲೆಗಳು, ಎಡದಲ್ಲಿ ಎರಡು. ಗಂಟಿರುವ ಹಾಲೆಯನ್ನೂ ಹತ್ತಿರದ ಗ್ರಂಥಿಗಳನ್ನೂ ತೆಗೆಯುವ ಲೋಬೆಕ್ಟಮಿ ಬಹುಕಾಲದಿಂದ ಆರಂಭ ಹಂತದ ಮುಖ್ಯ ಚಿಕಿತ್ಸೆಯಾಗಿದೆ. ಗಂಟು ಎರಡು ಸೆಂಟಿಮೀಟರಿನ ಒಳಗಿದ್ದು ಅಂಚಿನಲ್ಲಿದ್ದರೆ ಇಡೀ ಹಾಲೆಯೂ ಬೇಡ, ಅದರ ಒಂದು ಭಾಗ ತೆಗೆದರೆ ಸಾಕು ಎಂದು 2022ರಲ್ಲಿ ಜಪಾನಿನ, 2023ರಲ್ಲಿ ಅಮೆರಿಕದ ದೊಡ್ಡ ಅಧ್ಯಯನಗಳು ತೋರಿಸಿದವು. ಅನೇಕ ಕಡೆ ಈಗ ಎದೆಯನ್ನು ಅಗಲವಾಗಿ ತೆರೆಯದೆ, ಸಣ್ಣ ತೂತುಗಳ ಮೂಲಕ ಕ್ಯಾಮರಾ ಇಳಿಸಿ ಶಸ್ತ್ರಕ್ರಿಯೆ ಮಾಡುತ್ತಾರೆ. ನೋವು ಕಡಿಮೆ, ಮನೆಗೆ ಬೇಗ ಹೋಗಬಹುದು.

ಶಸ್ತ್ರಕ್ರಿಯೆಗೆ ಮುನ್ನ ರೋಗಿಯ ಉಸಿರಿನ ಬಲವನ್ನು ಸ್ಪೈರೋಮೀಟರ್ ಎಂಬ ಉಪಕರಣಕ್ಕೆ ಊದಿಸಿ ಅಳೆಯುತ್ತಾರೆ. ಉಳಿಯುವ ಶ್ವಾಸಕೋಶ ದೇಹವನ್ನು ನಡೆಸಬಲ್ಲುದೇ ಎಂಬುದು ಪ್ರಶ್ನೆ. ಬೀಡಿಯನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿಸುತ್ತಾರೆ. ಶಸ್ತ್ರಕ್ರಿಯೆಯಾದ ಮರುದಿನದಿಂದಲೇ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಉಪಕರಣದಲ್ಲಿ ಉಸಿರು ಎಳೆದು ಚೆಂಡು ಏರಿಸುವ ಅಭ್ಯಾಸ ಕೊಡುತ್ತಾರೆ. ಇದು ಮಕ್ಕಳಾಟದಂತೆ ಕಂಡರೂ ನ್ಯುಮೋನಿಯಾ ಬಾರದಂತೆ ತಡೆಯಲು ಬೇಕೇ ಬೇಕು. ಅಜ್ಜನ ಪಕ್ಕದಲ್ಲಿ ಕೂತು ಲೆಕ್ಕ ಹಾಕುವ ಕೆಲಸವನ್ನು ಮೊಮ್ಮಕ್ಕಳು ಚೆನ್ನಾಗಿಯೇ ಮಾಡಬಲ್ಲರು.

ಹೃದಯ ಅಥವಾ ಉಸಿರಾಟ ತೀರ ದುರ್ಬಲವಾಗಿ ಶಸ್ತ್ರಕ್ರಿಯೆ ತಾಳಲಾರದವರಿಗೂ ದಾರಿ ಇದೆ. ಹಲವು ದಿಕ್ಕುಗಳಿಂದ ವಿಕಿರಣವನ್ನು ಗಂಟಿನ ಮೇಲೆ ಮಾತ್ರ ಕೇಂದ್ರೀಕರಿಸುವ ವಿಧಾನ ಅದು. ಹೆಚ್ಚಾಗಿ ಮೂರರಿಂದ ಐದು ಸಲ ಹೋಗಿ ಬಂದರೆ ಮುಗಿಯುತ್ತದೆ. ಇದನ್ನು ಎಸ್.ಬಿ.ಆರ್.ಟಿ. ಎಂದು ಕರೆಯುತ್ತಾರೆ. ಹಿಂದಿನಂತೆ ಆರೇಳು ವಾರ ಆಸ್ಪತ್ರೆಗೆ ಅಲೆಯಬೇಕಾಗಿಲ್ಲ.

ಶಸ್ತ್ರಕ್ರಿಯೆಯಾದ ಮೇಲೆ ಎಲ್ಲರಿಗೂ ಕಿಮೋಥೆರಪಿ ಬೇಕೆಂದಿಲ್ಲ. ತೀರ ಚಿಕ್ಕ ಗಂಟಿನವರಿಗೆ ಹೆಚ್ಚಾಗಿ ಅದು ಬೇಡ. ಎರಡನೆಯ ಹಂತದವರಿಗೆ ರೋಗ ಮರುಕಳಿಸದಿರಲೆಂದು ಕೊಡುತ್ತಾರೆ. ತೆಗೆದ ಗಂಟಿನಲ್ಲಿ ಇ.ಜಿ.ಎಫ್.ಆರ್. ಎಂಬ ಜೀನಿನ ಬದಲಾವಣೆ ಇದ್ದರೆ ಒಸಿಮರ್ಟಿನಿಬ್ ಎಂಬ ದಿನದ ಗುಳಿಗೆಯೂ ಉಂಟು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಶಸ್ತ್ರಕ್ರಿಯೆಯ ಬಳಿಕ ಆ ಗುಳಿಗೆ ಪಡೆದವರಲ್ಲಿ ನೂರಕ್ಕೆ 88 ಮಂದಿ ಐದು ವರ್ಷ ಕಳೆದ ಮೇಲೂ ಬದುಕಿದ್ದರು, ಪಡೆಯದವರಲ್ಲಿ 78. ಈ ಜೀನಿನ ಬದಲಾವಣೆ ಏಷ್ಯಾದ ರೋಗಿಗಳಲ್ಲಿ, ಅದರಲ್ಲೂ ಸೇದದವರಲ್ಲಿ ಹೆಚ್ಚು. ಆದುದರಿಂದ ಗಂಟಿನ ಜೀನ್ ಪರೀಕ್ಷೆ ಆಗಿದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಲಕ್ಷಣ ಬರುವ ಮೊದಲೇ ಹುಡುಕಬಹುದೇ?

ಕೆಮ್ಮು ಬರುವ ತನಕ ಕಾಯದೆ ಮೊದಲೇ ಹುಡುಕಿದರೆ ಹೇಗೆ? ಎಲ್ಲರಿಗೂ ವರ್ಷವರ್ಷ ಎಕ್ಸ್‌ರೇ ತೆಗೆದರೆ ಸಾವು ಕಡಿಮೆಯಾಗುವುದಿಲ್ಲ ಎಂಬುದು ದೊಡ್ಡ ಅಧ್ಯಯನಗಳಿಂದ ತಿಳಿದಿದೆ. ಆದರೆ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಬೇರೆ ಫಲ ಕೊಟ್ಟಿತು. ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ವರ್ಷಕ್ಕೊಂದರಂತೆ ಮೂರು ಸಲ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆಯಾಗಿತ್ತು. ಯುರೋಪಿನ ಇನ್ನೊಂದು ಅಧ್ಯಯನ 2020ರಲ್ಲಿ ಗಂಡಸರಲ್ಲಿ ಶೇ. 24ರಷ್ಟು ಇಳಿಕೆ ತೋರಿಸಿತು.

ಹಾಗಾದರೆ ಎಲ್ಲರೂ ನಾಳೆಯೇ ಸ್ಕ್ಯಾನ್ ಮಾಡಿಸಬೇಕೇ? ಬೇಡ. ಅಮೆರಿಕದ ಆ ಅಧ್ಯಯನದಲ್ಲಿದ್ದವರು 55ರಿಂದ 74 ವರ್ಷದವರು, 30 'ಪ್ಯಾಕ್ ವರ್ಷ' ಸೇದಿದವರು. ದಿನಕ್ಕೆ 20 ಸಿಗರೇಟಿನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್ ವರ್ಷ. ದಿನಕ್ಕೆ ಹತ್ತರಂತೆ 40 ವರ್ಷ ಸೇದಿದವರದು 20 ಪ್ಯಾಕ್ ವರ್ಷ. ಇಷ್ಟು ಹೆಚ್ಚು ಅಪಾಯವಿದ್ದವರಲ್ಲಿಯೂ ಸ್ಕ್ಯಾನಿನಲ್ಲಿ ಸಂಶಯಾಸ್ಪದವಾಗಿ ಕಂಡ ನೂರು ಫಲಿತಾಂಶಗಳಲ್ಲಿ 96 ಕೊನೆಗೆ ಕ್ಯಾನ್ಸರ್ ಆಗಿರಲಿಲ್ಲ. ಕ್ಷಯದ ಗಾಯಗಳು ಹೆಚ್ಚಾಗಿರುವ ನಮ್ಮ ದೇಶದಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಶ್ವಾಸಕೋಶದ ಕ್ಯಾನ್ಸರಿಗೆಂದು ಸರಕಾರದ ಸಾಮೂಹಿಕ ತಪಾಸಣೆ ಭಾರತದಲ್ಲಿಲ್ಲ. ಬಹುಕಾಲ ಸೇದಿದ, 50 ದಾಟಿದ ವ್ಯಕ್ತಿ ಮನೆಯಲ್ಲಿದ್ದರೆ, ದಿನಕ್ಕೆ ಎಷ್ಟು, ಎಷ್ಟು ವರ್ಷ ಎಂಬ ಲೆಕ್ಕವನ್ನು ಬರೆದುಕೊಂಡು ಹೋಗಿ ಎದೆರೋಗ ತಜ್ಞರಲ್ಲಿ ಕೇಳುವುದು ಸರಿಯಾದ ದಾರಿ. ಬೀಡಿಯಾದರೆ ಕಟ್ಟಿನ ಲೆಕ್ಕ ಹೇಳಿದರೂ ಸಾಕು.

ಎಲ್ಲಿಗೆ ಹೋಗಬೇಕು, ಹಣಕ್ಕೇನು?

ಸುರತ್ಕಲ್‌ನವರಿಗೆ ದೂರ ಒಂದು ನೆಪವಾಗಲಾರದು. 1848ರಲ್ಲಿ ಸ್ಥಾಪನೆಯಾದ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆ ಮಂಗಳೂರಿನಲ್ಲಿದೆ. ನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ವಿಭಾಗಗಳಿವೆ. ಉತ್ತರಕ್ಕೆ ಹೊರಟರೆ ಮಣಿಪಾಲ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ರಾಜ್ಯದ ಎಲ್ಲ ಕಡೆಯ ರೋಗಿಗಳಿಗೆ ಆಸರೆಯಾಗಿದೆ.

ಹಣದ ಚಿಂತೆಯಿಂದ ಚಿಕಿತ್ಸೆ ಮುಂದೂಡುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸಬೇಕು. 2018ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ವೆಚ್ಚದ ಶೇ. 30ರಷ್ಟನ್ನು, ಒಂದೂವರೆ ಲಕ್ಷದ ಮಿತಿಯೊಳಗೆ, ಸರಕಾರ ಭರಿಸುತ್ತದೆ. ಬೀಡಿ ಕಾರ್ಮಿಕರಾಗಿ ನೋಂದಾಯಿಸಿ ಗುರುತಿನ ಚೀಟಿ ಪಡೆದವರು ಕಾರ್ಮಿಕ ಕಲ್ಯಾಣ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಸಿಗುವ ನೆರವನ್ನೂ ಕೇಳಬೇಕು. ಕಾರ್ಡು, ಹಳೆಯ ಎಕ್ಸ್‌ರೇ, ರಿಪೋರ್ಟುಗಳನ್ನು ಒಂದೇ ಚೀಲದಲ್ಲಿ ಜೋಪಾನವಾಗಿಟ್ಟರೆ ಅರ್ಧ ಅಲೆದಾಟ ತಪ್ಪುತ್ತದೆ. ಎರಡು ವರ್ಷ ಹಿಂದಿನ ಎಕ್ಸ್‌ರೇ ಒಂದಿದ್ದರೆ, ಕಲೆ ಹಳೆಯದೋ ಹೊಸದೋ ಎಂದು ವೈದ್ಯರು ಒಂದೇ ನಿಮಿಷದಲ್ಲಿ ಹೇಳಿಯಾರು.

ರೋಗ ಪತ್ತೆಯಾದಾಗ 'ಅಪ್ಪನಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ' ಎಂದು ಮಕ್ಕಳು ಕೈಮುಗಿಯುವುದುಂಟು. ಪ್ರೀತಿಯಿಂದ ಆಡಿದ ಮಾತೇ ಅದು. ಆದರೆ ಆರಂಭ ಹಂತದಲ್ಲಿ ರೋಗಿ ತಾನೇ ಬೀಡಿ ಬಿಡಬೇಕು, ಉಸಿರಿನ ವ್ಯಾಯಾಮ ಮಾಡಬೇಕು, ಶಸ್ತ್ರಕ್ರಿಯೆಗೆ ಒಪ್ಪಬೇಕು, ಮುಂದೆ ವರ್ಷಗಟ್ಟಲೆ ಸ್ಕ್ಯಾನಿಗೆ ಬರುತ್ತಿರಬೇಕು. ಏತಕ್ಕೆಂದು ತಿಳಿಯದವನು ಇಷ್ಟನ್ನೆಲ್ಲ ಮಾಡುವುದು ಹೇಗೆ? ಗುಣವಾಗುವ ಸಾಧ್ಯತೆ ಇರುವಾಗ ಸತ್ಯವನ್ನು ಮೆತ್ತಗೆ ಹೇಳುವುದೇ ಒಳ್ಳೆಯದು.

ವಿದ್ಯಾರ್ಥಿಗಳಿಗೆ ಎರಡು ಕೆಲಸ

ಮೊದಲನೆಯದು, ಆರಂಭಿಸದಿರುವುದು. ಬೀಡಿಯನ್ನು ಮುದುಕರ ಚಟವೆಂದು ನಗುವ ಹುಡುಗರು ಹಾಸ್ಟೆಲಿನ ಹಿಂದೆ ಸಿಗರೇಟು ಹಚ್ಚುತ್ತಾರೆ, ಇಲ್ಲವೆ ಇ-ಸಿಗರೇಟು ನಿರಪಾಯವೆಂದು ನಂಬುತ್ತಾರೆ. ಇ-ಸಿಗರೇಟಿನ ತಯಾರಿಕೆ ಮತ್ತು ಮಾರಾಟವನ್ನು ದೇಶದಲ್ಲಿ 2019ರಲ್ಲಿ ಕಾನೂನಿನ ಮೂಲಕ ನಿಷೇಧಿಸಲಾಗಿದೆ. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ 21 ವರ್ಷದ ಒಳಗಿನವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಸಾವಿರ ರೂಪಾಯಿವರೆಗೆ ದಂಡ. ಶುರು ಮಾಡಿದವರಿಗೆ ಬಿಡಲು ಸಹಾಯ ಬೇಕಿದ್ದರೆ 1800-11-2356 ಎಂಬ ಉಚಿತ ರಾಷ್ಟ್ರೀಯ ದೂರವಾಣಿ ಇದೆ. ಇಂಗ್ಲೆಂಡಿನ ವೈದ್ಯರನ್ನು 50 ವರ್ಷ ಗಮನಿಸಿ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: 30ರಲ್ಲಿ ಬಿಟ್ಟವರು ಸುಮಾರು ಹತ್ತು ವರ್ಷದ ಆಯುಸ್ಸು ಉಳಿಸಿಕೊಂಡರು, 40ರಲ್ಲಿ ಬಿಟ್ಟವರು ಒಂಬತ್ತು, 50ರಲ್ಲಿ ಆರು, 60ರಲ್ಲಿ ಬಿಟ್ಟವರು ಮೂರು. ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ ಎಂಬುದು ಅಜ್ಜಂದಿರಿಗೂ ಹೇಳಬೇಕಾದ ಮಾತು.

ಎರಡನೆಯದು, ಕೇಳುವುದು. ಮನೆಯ ದೊಡ್ಡವರು ತಮ್ಮ ಕೆಮ್ಮನ್ನು ತಾವೇ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅಮ್ಮನಿಗೆ ಮನೆಗೆಲಸ, ಅಪ್ಪನಿಗೆ ಪಾಳಿಯ ಕೆಲಸ. ಓದು ಬಲ್ಲ, ಪ್ರಶ್ನೆ ಕೇಳಲು ಅಂಜದ ಮೊಮ್ಮಗಳೋ ಮೊಮ್ಮಗನೋ 'ಅಜ್ಜ, ಈ ಕೆಮ್ಮು ಮೊದಲಿನ ಹಾಗೇ ಉಂಟಾ, ಬದಲಾಗಿದೆಯಾ? ಎಕ್ಸ್‌ರೇ ತೆಗೆಸಿ ಎಷ್ಟು ವರ್ಷ ಆಯಿತು?' ಎಂದು ಕೇಳಿದರೆ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಕರೆದುಕೊಂಡು ಹೋಗಲು ಒಂದು ಭಾನುವಾರ ಬಿಟ್ಟು ಯಾವ ದಿನವಾದರೂ ಆದೀತು. ಬೀಡಿ ಕಟ್ಟಿ ಓದಿಸಿದವರ ಋಣ ತೀರಿಸಲು ಇದಕ್ಕಿಂತ ಸುಲಭದ ಕಂತು ಬೇರೆ ಇರಲಾರದು.